ಯಾವ ಸಾಲಿಗೆ ಸಿಟ್ಟು ಬಂತು?

ಪ್ರಶ್ನೆ: ಜಯನಗರದಲ್ಲಿ ನಾವು ಹದಿನೈದು ಜನ ಸೇರಿ ತಿಂಗಳಿಗೊಂದು ಭಾನುವಾರ ಓದುಕೂಟ ನಡೆಸುತ್ತೇವೆ. ಮಾಮೂಲಿ ಕಥೆ, ಕಾದಂಬರಿ ಓದುವಾಗ ಎಲ್ಲ ಸರಿಯಿತ್ತು. ಈ ವರ್ಷ ರೂಢಿ ಮುರಿದು ಬರೆದವರನ್ನು ಓದೋಣವೆಂದು ಅಮೆರಿಕದ ಬೀಟ್ ಬರಹಗಾರರು, ಬಂಗಾಳದ ಹಂಗ್ರಿ ಪೀಳಿಗೆ, ತೆಲುಗಿನ ದಿಗಂಬರ ಕವಿಗಳು, ಜೊತೆಗೆ ನಮ್ಮ ನವ್ಯದವರ ಮತ್ತು ಅವರ ನಂತರದವರ ಪ್ರಯೋಗಗಳು ಎಂದು ಹೊರಟೆವು. ಒಬ್ಬರು 'ಇದು ಸಾಹಿತ್ಯವಲ್ಲ, ಹೊಲಸು' ಎಂದು ಎದ್ದು ಹೋದರು. ಇಬ್ಬರು ಎಲ್ಲದಕ್ಕೂ 'ಅದ್ಭುತ' ಅನ್ನುತ್ತಾರೆ. ಉಳಿದವರು 'ಅರ್ಥ ಆಗ್ಲಿಲ್ಲ' ಎಂದು ಸುಮ್ಮನಾಗುತ್ತಾರೆ. ಇಂಥ ಬರಹಕ್ಕೆ ಬರುವ ಪ್ರತಿಕ್ರಿಯೆಯನ್ನು ಹೇಗೆ ತೆಗೆದುಕೊಳ್ಳಬೇಕು? ಕೂಟ ನಡೆಸಲು ಒಂದು ಕ್ರಮ ಇದೆಯೇ? ಯಾವುದನ್ನು ಮೊದಲು ಓದಬೇಕು?

ಉತ್ತರ: ಎದ್ದು ಹೋದವರನ್ನು ಮೊದಲು ವಾಪಸ್ ಕರೆಸಿ. ಸಮಾಧಾನ ಹೇಳಲಿಕ್ಕಲ್ಲ. ಅವರ ಹತ್ತಿರ ನಿಮಗೆ ಬೇಕಾದ ಒಂದು ಮಾಹಿತಿ ಇದೆ: ಯಾವ ಸಾಲಿಗೆ ಎದ್ದರು? ನೀವು ಹೇಳಿದ ಮೂರು ಗುಂಪಿನಲ್ಲಿ ಓದಿದ್ದಾರೆಂದು ಖಾತ್ರಿಯಾಗಿ ಹೇಳಬಹುದಾದವರು ಅವರೊಬ್ಬರೇ. ಸಿಟ್ಟು ಬರಬೇಕಾದರೆ ಸಾಲು ಒಳಗೆ ಹೋಗಿರಬೇಕು. 'ಅದ್ಭುತ' ಅನ್ನಲು ಹಾಗೇನಿಲ್ಲ, ಪುಸ್ತಕದ ಹಿಂಬದಿ ಓದಿದ್ದರೂ ಸಾಕು. ಈ ಬಗೆಯ ಸಾಹಿತ್ಯದ ಓದುಕೂಟಗಳು ಸಿಟ್ಟಿನಿಂದ ಹಾಳಾಗುವುದಕ್ಕಿಂತ ಹೆಚ್ಚಾಗಿ ಸಾಲಿನ ಗುರುತಿಲ್ಲದ ಹೊಗಳಿಕೆಯಿಂದ ಹಾಳಾಗುತ್ತವೆ. ಹೊಗಳುವವರ ಎದುರು ಉಳಿದವರಿಗೆ 'ನನಗೇ ಬುದ್ಧಿ ಸಾಲದೇನೋ' ಅನ್ನಿಸಿ ಬಾಯಿ ಕಟ್ಟಿಹೋಗುತ್ತದೆ.

ಹಾಗಾಗಿ ಕೂಟಕ್ಕೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಸಾಕು. ಪ್ರತಿಕ್ರಿಯೆ ಏನೇ ಇರಲಿ, ಅದಕ್ಕೊಂದು ಸಾಲಿನ ಸಂಖ್ಯೆ ಅಥವಾ ಪುಟದ ಸಂಖ್ಯೆ ಅಂಟಿರಬೇಕು. 'ಹೊಲಸು' ಅನ್ನಬಹುದು, ಎಷ್ಟನೆಯ ಸಾಲು? 'ಅದ್ಭುತ' ಅನ್ನಬಹುದು, ಎಷ್ಟನೆಯ ಸಾಲು?

ಇನ್ನು 'ಅರ್ಥ ಆಗ್ಲಿಲ್ಲ' ಎಂಬುದನ್ನು ಒಂದೇ ಪ್ರತಿಕ್ರಿಯೆ ಎಂದು ಎಣಿಸಬೇಡಿ. ಅದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ತೊಡಕುಗಳಿವೆ, ಒಂದೊಂದಕ್ಕೂ ಪರಿಹಾರ ಬೇರೆ.

ಮೊದಲನೆಯದು ಬರೀ ಶಬ್ದದ ತೊಡಕು. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂದಾಗ ನಂಜನಗೂಡು ಸೀಮೆಯ ಆಡುನುಡಿಯೇ ಎಷ್ಟೋ ಓದುಗರಿಗೆ ಗೋಡೆಯಾಯಿತು. ಇದಕ್ಕೆ ವಿಮರ್ಶಕರು ಬೇಕಿಲ್ಲ, ಆ ಕಡೆಯ ಒಬ್ಬರು ಗಟ್ಟಿಯಾಗಿ ಓದಿದರೆ ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಇದೊಂದು ಅನುಕೂಲ. ಹದಿನೈದು ಜನರ ಗುಂಪಿನಲ್ಲಿ ಚಾಮರಾಜನಗರದ ಕಡೆಯವರೊಬ್ಬರು, ಧಾರವಾಡದವರೊಬ್ಬರು, ಮನೆಯಲ್ಲಿ ತೆಲುಗು ಆಡುವವರು ಇಬ್ಬರು ಇದ್ದೇ ಇರುತ್ತಾರೆ. ಧಾರವಾಡದವರು ಆ ಪುಟಗಳಲ್ಲಿ ತಡವರಿಸುತ್ತಾರೆ, ಚಾಮರಾಜನಗರದವರು ಅಡುಗೆಮನೆಯಲ್ಲಿ ಮಾತಾಡುವಷ್ಟು ಸಲೀಸಾಗಿ ಓದುತ್ತಾರೆ. ಮರಾಠಿಯ ದಲಿತ ಕವಿ ನಾಮದೇವ ಢಸಾಳರ ಸಂಕಲನ 'ಗೋಲಪಿಠಾ' 1972ರಲ್ಲಿ ಬಂದಾಗಲೂ ಇದೇ ಆಯಿತು. ಮುನ್ನುಡಿ ಬರೆದ ವಿಜಯ ತೆಂಡೂಲ್ಕರರಂಥ ಪಳಗಿದ ನಾಟಕಕಾರರಿಗೇ ಮುಂಬಯಿಯ ವೇಶ್ಯಾವಾಟಿಕೆಯ ಓಣಿಗಳ ಅದೆಷ್ಟೋ ಶಬ್ದಗಳು ಹೊಸವು.

ಎರಡನೆಯದು ಸಂದರ್ಭದ ತೊಡಕು. ಪದ್ಯ ಯಾರ ಮೇಲೆ, ಯಾವುದರ ಮೇಲೆ ಹರಿಹಾಯುತ್ತಿದೆ ಎಂದು ಗೊತ್ತಿಲ್ಲದಿದ್ದರೆ ಬರೀ ಕೂಗಾಟ ಕೇಳುತ್ತದೆ. ಅಡಿಟಿಪ್ಪಣಿಯಂಥ ಎರಡು ವಾಕ್ಯ ಸಾಕು, ಭಾಷಣ ಬೇಡ.

ಮೂರನೆಯದು ಕಟ್ಟಡದ ತೊಡಕು, ಅಂದರೆ ಬರಹವನ್ನು ಜೋಡಿಸಿದ ರೀತಿಯದು. ಇದರ ಬಗ್ಗೆ ಕೆಳಗೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪ್ರಯೋಗದ ಬರಹದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ನಾಲ್ಕನೆಯದು ಅರ್ಥ ಆಗಿಯೂ 'ಅರ್ಥ ಆಗ್ಲಿಲ್ಲ' ಅನ್ನುವುದು. ಸಾಲು ಹೇಳುತ್ತಿರುವುದು ಚೆನ್ನಾಗಿಯೇ ತಿಳಿದಿದೆ, ಆದರೆ ನೆರೆಹೊರೆಯವರ ಮುಂದೆ ಅದನ್ನು ಬಾಯಲ್ಲಿ ಹೇಳಲು ಮುಜುಗರ. ಇದನ್ನು ಪತ್ತೆ ಹಚ್ಚುವುದು ಸುಲಭ: ಉಳಿದ ಮೂರು ತೊಡಕಿನವರು ಪ್ರಶ್ನೆ ಕೇಳುತ್ತಾರೆ, ಇವರು ಮಾತು ತಿರುಗಿಸುತ್ತಾರೆ.

ಕಟ್ಟಡದ ತೊಡಕಿಗೆ ಬರೋಣ. ಕನ್ನಡದ ಓದುಗರಿಗೆ ಕಷ್ಟದ ಕಾವ್ಯ ಹೊಸದೇನಲ್ಲ. ಅಲ್ಲಮನ ಒಗಟಿನಂಥ ಬೆಡಗಿನ ವಚನಗಳನ್ನು ಎಂಟು ನೂರು ವರ್ಷಗಳಿಂದ ಓದಿಕೊಂಡು, ಅವಕ್ಕೆ ಟೀಕೆ ಬರೆದುಕೊಂಡು ಬಂದಿದ್ದೇವೆ. ಆದರೆ ಬೆಡಗಿನ ಹಿಂದೆ ಒಂದು ಸಾಧನೆಯ ಚೌಕಟ್ಟಿದೆ. ಇರುವೆ ಅಂದರೆ ಇದು, ಆನೆ ಅಂದರೆ ಇದು ಎಂದು ಟೀಕಾಕಾರರು ಬಿಡಿಸಿ ಹೇಳಬಲ್ಲರು. ಗೋಪಾಲಕೃಷ್ಣ ಅಡಿಗರ 'ಭೂಮಿಗೀತ'ದಂಥ (1959) ಸಂಕಲನದಲ್ಲಿ ಕೀಲಿ ಅರ್ಧ ಸಿಗುತ್ತದೆ. ಪುರಾಣದ ಪ್ರತಿಮೆಗಳು ಪರಿಚಿತ, ಆದರೆ ಅವು ಒಂದರ ಪಕ್ಕ ಒಂದು ಯಾಕೆ ಬಂದವು ಎಂಬುದನ್ನು ನಾವೇ ಕಟ್ಟಿಕೊಳ್ಳಬೇಕು. ಅಮೆರಿಕದ ಬೀಟ್ ಲೇಖಕ ವಿಲಿಯಂ ಬರೋಸ್ ಕತ್ತರಿ ಹಿಡಿದು ಕೂತು, ಪುಟಗಳನ್ನು ಕತ್ತರಿಸಿ ಜೋಡಿಸಿ ಮಾಡಿದ ಬರಹಗಳಲ್ಲಿ ಕೀಲಿಯೇ ಇಲ್ಲ. ಅಲ್ಲಿ 'ಇದರರ್ಥವೇನು' ಎಂದು ಕೇಳಿದಷ್ಟೂ ಓದುಗರು ದಣಿಯುತ್ತಾರೆ, 'ಇದನ್ನು ಹೇಗೆ ಮಾಡಿದ್ದಾರೆ' ಎಂದು ಕೇಳಿದರೆ ದಾರಿ ಕಾಣುತ್ತದೆ. ಮೂರು ಬಗೆಯ ಕಷ್ಟಕ್ಕೂ ಒಂದೇ ಪ್ರಶ್ನೆ ಹಾಕುವುದರಿಂದಲೇ ಅರ್ಧ ಜಗಳ ಹುಟ್ಟುವುದು.

ಅಡಿಗರ ಮಾತು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಬಹಳ ಜನರಿಗೆ ಅಡಿಗರೆಂದರೆ ಮೋಹನ ಮುರಳಿಯ ಭಾವಗೀತೆ. ಹಾಡಿನ ಕಿವಿ ಇಟ್ಟುಕೊಂಡು ನವ್ಯದ ಪದ್ಯಕ್ಕೆ ಬಂದವರಿಗೆ ಮೊದಲು ಆಗುವುದು ಅರ್ಥದ ಆಘಾತವಲ್ಲ, ರಾಗ ಹತ್ತಲಿಲ್ಲವಲ್ಲ ಎಂಬ ಕಿರಿಕಿರಿ. ಹಾಡಲು ಬಾರದಿದ್ದರೂ ಮಾತ್ರಾಗಣಗಳ ನಡಿಗೆ ಆ ಪದ್ಯಗಳಲ್ಲಿ ಒಳಗೊಳಗೇ ಇದೆ. ಬೆರಳಲ್ಲಿ ತಾಳ ಹಾಕುತ್ತ ಒಂದು ಪುಟ ಓದಿಸಿ, ಎಲ್ಲಿ ತಾಳ ಮುರಿಯುತ್ತದೆಯೋ ಅಲ್ಲಿ ಪೆನ್ಸಿಲ್ ಗೆರೆ ಎಳೆಸಿ. ಆ ಗೆರೆಗಳ ಮೇಲೆ ಚರ್ಚೆ ಶುರು ಮಾಡಿದರೆ ಒಳ್ಳೆಯ ಎರಡು ತಾಸು ಸಿಗುತ್ತದೆ.

ಈಗ ಕೂಟ ನಡೆಸುವ ಕ್ರಮ. ಇದರ ಮೂಲ ಉಪಾಯ ಹಳೆಯದು. ಕೇಂಬ್ರಿಜ್‌ನಲ್ಲಿ ವಿಮರ್ಶಕ ಐ. ಎ. ರಿಚರ್ಡ್ಸ್ ಕವಿಯ ಹೆಸರು ಮುಚ್ಚಿಟ್ಟು ಪದ್ಯಗಳನ್ನು ಹಂಚಿ, ಓದಿದವರು ಬರೆದುಕೊಟ್ಟ ಟಿಪ್ಪಣಿಗಳನ್ನು ವಿಂಗಡಿಸಿ 1929ರಲ್ಲಿ ಪುಸ್ತಕ ಮಾಡಿದರು. ಬುದ್ಧಿವಂತ ವಿದ್ಯಾರ್ಥಿಗಳೂ ಸಾಲಿನ ನೇರ ಅರ್ಥ ಹಿಡಿಯದೆ ತಪ್ಪುವುದು, ಸಿದ್ಧ ಭಾವನೆಗಳನ್ನು ಪದ್ಯದ ಮೇಲೆ ಹೇರುವುದು, ತಮ್ಮ ಸ್ವಂತ ನೆನಪಿನ ಬೆನ್ನು ಹತ್ತಿ ಪದ್ಯವನ್ನೇ ಬಿಟ್ಟು ಹೋಗುವುದು ಅದರಲ್ಲಿ ಕಾಣುತ್ತದೆ. ಇದರಲ್ಲಿ ಕೊನೆಯದನ್ನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ಗುರುತಿಸಿದ್ದ. ಅವನು ಹೇಳುವ ಏಳು ರಸವಿಘ್ನಗಳಲ್ಲಿ, ಅಂದರೆ ಕಾವ್ಯವನ್ನು ಸವಿಯಲು ಬರುವ ಅಡ್ಡಿಗಳಲ್ಲಿ, ಸಹೃದಯನು ತನ್ನದೇ ಸುಖದುಃಖಕ್ಕೆ ವಶನಾಗುವುದೂ ಒಂದು. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ನಿಮ್ಮ ಗುಂಪಿನಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ರಸವಿಘ್ನದ ಭಾಗ ತೆರೆದು ನೋಡಿ.

ಎರಡು ತಾಸಿನ ಕೂಟಕ್ಕೆ ಪದ್ಯವಾದರೆ 60 ಸಾಲಿಗಿಂತ ಹೆಚ್ಚು ಬೇಡ, ಗದ್ಯವಾದರೆ 4 ಪುಟ. ಪದ್ಯವನ್ನು ಮುಂಚಿತವಾಗಿ ಕಳಿಸಬೇಡಿ. ಕಳಿಸಿದರೆ ಬರುವವರು ಪದ್ಯ ಓದಿಕೊಂಡು ಬರುವುದಿಲ್ಲ, ಪದ್ಯದ ಬಗ್ಗೆ ಓದಿಕೊಂಡು ಬರುತ್ತಾರೆ. ಜೆರಾಕ್ಸ್ ಹಾಳೆಯ ಅಂಚಿನಲ್ಲಿ ಐದೈದು ಸಾಲಿಗೊಮ್ಮೆ ಸಂಖ್ಯೆ ಬರೆದಿರಿ. ಕವಿಯ ಹೆಸರು, ಇಸವಿ ತೆಗೆದುಹಾಕಿ. ಜೊತೆಗೆ ಒಂದು ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದ ಚೀಟಿ ಒಬ್ಬೊಬ್ಬರಿಗೊಂದು.

ಮೊದಲ ಸಲ ಒಬ್ಬರು ಗಟ್ಟಿಯಾಗಿ, ಅಭಿನಯ ಇಲ್ಲದೆ ಓದಲಿ. ರಂಗಭೂಮಿಯವರು ಗುಂಪಿನಲ್ಲಿದ್ದರೆ ಮೊದಲ ಓದು ಅವರಿಗೆ ಕೊಡಬೇಡಿ. ಅವರ ಕಂಠ ಪದ್ಯದ ದೋಷವನ್ನೆಲ್ಲ ಮುಚ್ಚಿಬಿಡುತ್ತದೆ. ಎರಡನೆಯ ಓದು ಬೇರೆ ಸೀಮೆಯ ಉಚ್ಚಾರದವರಿಂದ. ಆಮೇಲೆ ಏಳೆಂಟು ನಿಮಿಷ ಯಾರೂ ಮಾತಾಡಬಾರದು. ಚೀಟಿಯಲ್ಲಿ ಮೂರು ಕಲಂ: ಸಾಲಿನ ಸಂಖ್ಯೆ, ಅಲ್ಲಿ ಏನಾಯಿತು, ಯಾಕಿರಬಹುದು. 'ಏನಾಯಿತು' ಎಂಬಲ್ಲಿ ಅಭಿಪ್ರಾಯ ಬರೆಯುವಂತಿಲ್ಲ, ಆದದ್ದನ್ನು ಬರೆಯಬೇಕು. ನಗು ಬಂತು, ಹೇಸಿಗೆಯಾಯಿತು, ದಾರಿ ತಪ್ಪಿದೆ, ಹಿಂದಿನ ಸಾಲಿಗೆ ಮರಳಿ ಹೋದೆ, ಬೇಸರ ಬಂದು ಕಣ್ಣು ಹಾರಿಸಿದೆ. ಬೇಸರಕ್ಕೆ ಮರ್ಯಾದೆ ಕೊಡಿ. ಹತ್ತು ಜನ 31ನೇ ಸಾಲಿಗೆ ಬೇಸರಗೊಂಡಿದ್ದರೆ ಅಲ್ಲಿ ಒಂದೋ ಕವಿ ಬೇಕೆಂದೇ ಒಂದನ್ನೇ ರುಬ್ಬುತ್ತಿದ್ದಾನೆ, ಇಲ್ಲವೇ ಅವನಿಗೆ ಹೇಳಲು ಏನೂ ಉಳಿದಿಲ್ಲ. ಎರಡರಲ್ಲಿ ಯಾವುದು ಎಂದು ಪುಟದ ಮೇಲೆ ಬೆರಳಿಟ್ಟು ವಾದ ಮಾಡಬಹುದು.

ಚೀಟಿಗಳನ್ನು ಒಟ್ಟುಮಾಡಿ, ಕಲಸಿ, ಬೇರೆಯವರ ಕೈಯಲ್ಲಿ ಓದಿಸಿ. ಹೆಸರು ಬೇಡ. ಯಾವಾಗಲೂ ಮಾತಾಡುವ ಇಬ್ಬರ ಚೀಟಿಗೂ ಎಂದೂ ಮಾತಾಡದ ಎಂಟು ಜನರ ಚೀಟಿಗೂ ಆಗ ಒಂದೇ ತೂಕ. ಯಾವ ಸಾಲಿನ ಸುತ್ತ ಚೀಟಿಗಳು ಗುಂಪುಗೂಡಿವೆಯೋ ಆ ಮೂರೋ ನಾಲ್ಕೋ ಜಾಗಗಳ ಮೇಲೆ ಮಾತ್ರ ಮುಂದಿನ ಒಂದು ತಾಸು ಮಾತು.

ಕವಿ ಯಾರು, ಯಾವ ಕಾಲ, ಏನು ಗಲಾಟೆಯಾಯಿತು ಎಂಬುದು ಕೊನೆಯ ಇಪ್ಪತ್ತು ನಿಮಿಷಕ್ಕೆ. ರಿಚರ್ಡ್ಸ್ ಅಲ್ಲಿಗೇ ಬಿಟ್ಟರು, ನೀವು ಬಿಡುವ ಹಾಗಿಲ್ಲ. ಏಕೆಂದರೆ ಈ ಬಗೆಯ ಬರಹ ಪುಟದ ಮೇಲೆ ಎಷ್ಟಿದೆಯೋ ಪುಟದ ಹೊರಗೂ ಅಷ್ಟೇ ಇದೆ. ದಿಗಂಬರ ಕವಿಗಳು ಆರು ಜನ. 1965ರಲ್ಲಿ ತಮ್ಮ ಮೊದಲ ಸಂಕಲನವನ್ನು ಹೈದರಾಬಾದಿನಲ್ಲಿ ನಡುರಾತ್ರಿ ಒಬ್ಬ ರಿಕ್ಷಾ ಎಳೆಯುವವನ ಕೈಯಿಂದ ಬಿಡುಗಡೆ ಮಾಡಿಸಿದರು. ಎರಡನೆಯದನ್ನು ವಿಜಯವಾಡದಲ್ಲಿ ಹೋಟೆಲ್ ಕೆಲಸದವನೊಬ್ಬ ಬಿಡುಗಡೆ ಮಾಡಿದ. ಆ ರಾತ್ರಿಯನ್ನು ಬಿಟ್ಟು ಬರೀ ಪದ್ಯ ಓದಿದರೆ ಬೈಗುಳದ ಪಟ್ಟಿಯಂತೆ ಕಾಣುವ ಸಾಧ್ಯತೆ ಇದೆ. ಹಾಗೆಯೇ ಆ ರಾತ್ರಿಯ ಕಥೆಯನ್ನು ಮೊದಲೇ ಹೇಳಿಬಿಟ್ಟರೆ ಪದ್ಯವನ್ನು ಯಾರೂ ಓದುವುದಿಲ್ಲ, ಕಥೆಗೇ ಚಪ್ಪಾಳೆ ತಟ್ಟುತ್ತಾರೆ. ಆದ್ದರಿಂದ ಚೀಟಿ ಮೊದಲು, ಕಥೆ ನಂತರ, ಆಮೇಲೆ ಅದೇ ಚೀಟಿಯ ಹಿಂಬದಿಯಲ್ಲಿ ಎರಡನೆಯ ಸಲ ಟಿಪ್ಪಣಿ. ಎರಡೂ ಬದಿಗಳ ನಡುವೆ ಏನು ಬದಲಾಯಿತು ಎಂಬುದೇ ನಿಮಗೆ ಬೇಕಾದ ಪ್ರತಿಕ್ರಿಯೆ.

ಜೀವನಚರಿತ್ರೆ ಮೊದಲೇ ಬಂದರೆ ಏನಾಗುತ್ತದೆ ಎಂಬುದಕ್ಕೆ ಬರೋಸ್ ಒಳ್ಳೆಯ ಉದಾಹರಣೆ. 1951ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಅವರ ಗುಂಡಿಗೆ ಅವರ ಸಂಗಾತಿ ಜೋನ್ ವೋಲ್ಮರ್ ಸತ್ತರು. ಇದು ತಿಳಿದ ಮೇಲೆ ಆ ಕೋಣೆಯಲ್ಲಿ ವಾಕ್ಯದ ಬಗ್ಗೆ ಮಾತು ಸಾಧ್ಯವಿಲ್ಲ. ಅದನ್ನು ಮುಚ್ಚಿಡಿ ಎಂದು ಹೇಳುತ್ತಿಲ್ಲ, ಓದಿದ ಮೇಲೆ ಹೇಳಿ. ಮಾದಕ ವಸ್ತುವಿನ ಮಾತೂ ಹಾಗೆಯೇ: ಒಬ್ಬರು ಎತ್ತಿದರೆ ಸಾಕು, ಅರ್ಧ ತಾಸು ಅದರಲ್ಲೇ ಕರಗುತ್ತದೆ.

ಇನ್ನೊಂದು ಎಡವಟ್ಟು ಹಾಳೆಯದ್ದೇ. ಪದ್ಯವನ್ನು ದಯವಿಟ್ಟು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಬೀಟ್ ಕವಿ ಅಲೆನ್ ಗಿನ್ಸ್‌ಬರ್ಗ್‌ನ ಉದ್ದ ಸಾಲು ಒಂದು ಉಸಿರಿನ ಅಳತೆಯದ್ದು. ಪುಸ್ತಕದಲ್ಲಿ ಸಾಲು ಮುಂದುವರಿದಾಗ ಒಳಕ್ಕೆ ಸರಿಸಿ ಅಚ್ಚು ಹಾಕಿರುತ್ತಾರೆ, ಹಾಗಾಗಿ ಅದು ಒಂದೇ ಸಾಲು ಎಂದು ಗೊತ್ತಾಗುತ್ತದೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ಅದು ನಾಲ್ಕು ತುಂಡಾಗಿ ನಮ್ಮ ಚುಟುಕದ ಹಾಗೆ ಕಾಣುತ್ತದೆ, ಓದುವವರು ತುಂಡು ತುಂಡಿಗೂ ನಿಲ್ಲುತ್ತಾರೆ. ಕನ್ನಡದಲ್ಲಿ ಮತ್ತೂ ಒಂದು ತೊಂದರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಜಾಗ ಬಿಡುತ್ತದೆ, ಒತ್ತಕ್ಷರ ಕಳಚುತ್ತದೆ, ಸಾಲುಗಳ ನಡುವಿನ ಖಾಲಿ ಜಾಗ ಮಾಯವಾಗುತ್ತದೆ. ಮಾಮೂಲಿ ಲೇಖನದಲ್ಲಾದರೆ ತಪ್ಪು ಅಂತ ತಕ್ಷಣ ತಿಳಿಯುತ್ತದೆ. ಪ್ರಯೋಗದ ಪದ್ಯದಲ್ಲಿ ಅದನ್ನೂ ಕವಿಯ ಪ್ರಯೋಗ ಎಂದೇ ನಂಬಿ ವ್ಯಾಖ್ಯಾನ ಮಾಡುವವರಿದ್ದಾರೆ! ಅಚ್ಚಾದ ಪುಸ್ತಕದಿಂದಲೇ, ಅದೇ ಅಳತೆಯಲ್ಲಿ ಜೆರಾಕ್ಸ್ ಮಾಡಿಸಿ.

ಕತ್ತರಿ ಪ್ರಯೋಗವನ್ನು ಓದಿಸುವ ಮೊದಲು ಮಾಡಿಸಿಬಿಡಿ, ಇಪ್ಪತ್ತು ನಿಮಿಷ ಸಾಕು. ಚಿತ್ರಕಾರ ಬ್ರಯಾನ್ ಗೈಸಿನ್ ಇದನ್ನು 1959ರಲ್ಲಿ ಪ್ಯಾರಿಸ್ಸಿನಲ್ಲಿ ಶುರು ಮಾಡಿದರು, ಬರೋಸ್ ಕೈಗೆತ್ತಿಕೊಂಡರು. ಒಂದು ಪುಟವನ್ನು ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿದರೆ 1, 2, 3, 4 ಎಂದು ನಾಲ್ಕು ತುಂಡು. ನಾಲ್ಕನೆಯದನ್ನು ಒಂದರ ಪಕ್ಕ, ಎರಡನ್ನು ಮೂರರ ಪಕ್ಕ ಇಟ್ಟು ಅಡ್ಡಲಾಗಿ ಓದಬೇಕು. ಕನ್ನಡದಲ್ಲಿ ಇದನ್ನು ಹಾಗೇ ಮಾಡಿದರೆ ಮೊದಲ ಸಲ ಕೆಡುತ್ತದೆ. ಕಾರಣ, ನಮ್ಮಲ್ಲಿ ಸಂಬಂಧ ಹೇಳುವ ಪ್ರತ್ಯಯ ಪದದ ಬಾಲದಲ್ಲಿದೆ. ಕತ್ತರಿ ಪದದ ನಡುವೆ ಹಾದರೆ 'ಸರ್ಕಾ' ಒಂದು ಕಡೆ, 'ರದಿಂದ' ಇನ್ನೊಂದು ಕಡೆ ಬಿದ್ದು ಎರಡೂ ಸಾಯುತ್ತವೆ. ಪದ ಉಳಿಸಿಕೊಂಡು ಅಂಕುಡೊಂಕಾಗಿ ಕತ್ತರಿಸಿದರೆ ಮಜಾ ಬರುತ್ತದೆ. ಪತ್ರಿಕೆಯ ಒಂದು ಪ್ರಕಟಣೆ ಮತ್ತು ಒಂದು ಲಗ್ನಪತ್ರಿಕೆ ತೆಗೆದುಕೊಳ್ಳಿ:

ಜಲಮಂಡಳಿಯಿಂದ ನಾಳೆ ಬೆಳಿಗ್ಗೆ / ನೀರು ಪೂರೈಕೆ ಸ್ಥಗಿತಗೊಳ್ಳಲಿದೆ.
ನಮ್ಮ ದ್ವಿತೀಯ ಪುತ್ರಿಯ ವಿವಾಹವು / ಗುರುಹಿರಿಯರ ಸಮ್ಮುಖದಲ್ಲಿ ನೆರವೇರಲಿದೆ.

ಬಲಭಾಗಗಳನ್ನು ಅದಲುಬದಲು ಮಾಡಿ. 'ಜಲಮಂಡಳಿಯಿಂದ ನಾಳೆ ಬೆಳಿಗ್ಗೆ ಗುರುಹಿರಿಯರ ಸಮ್ಮುಖದಲ್ಲಿ ನೆರವೇರಲಿದೆ.' ಇದು ನಡೆಯುತ್ತದೆ, ಕೋಣೆಯಲ್ಲಿ ನಗುವೂ ಬರುತ್ತದೆ. 'ನಮ್ಮ ದ್ವಿತೀಯ ಪುತ್ರಿಯ ವಿವಾಹವು ನೀರು ಪೂರೈಕೆ ಸ್ಥಗಿತಗೊಳ್ಳಲಿದೆ.' ಇದು ಕುಂಟುತ್ತದೆ, ಒಂದು ಕ್ರಿಯಾಪದಕ್ಕೆ ಎರಡು ಕರ್ತೃಪದ ಜಗಳವಾಡುತ್ತಿವೆ. ಈಗ ಕೇಳಿ: ಮೊದಲನೆಯದು ಯಾಕೆ ಕೂಡಿಕೊಂಡಿತು? ನೀರು ನಿಲ್ಲಿಸುವವರೂ ಮಗಳ ಮದುವೆ ಮಾಡುವವರೂ ಒಂದೇ 'ಲಿದೆ'ಯಲ್ಲಿ ಮಾತಾಡುತ್ತಾರೆ, ಮನುಷ್ಯರು ಕಾಣದ ಆ ಸರ್ಕಾರಿ ದನಿಯಲ್ಲಿ. ಬರೋಸ್ ಕತ್ತರಿ ಹಿಡಿದದ್ದೂ ಇದೇ ಕೆಲಸಕ್ಕೆ, ಪತ್ರಿಕೆಯ, ಜಾಹೀರಾತಿನ, ಅಧಿಕಾರದ ವಾಕ್ಯಗಳ ಒಳಹೊಲಿಗೆ ಕಾಣಿಸಲಿ ಎಂದು. ಕ್ರಿಯಾಪದ 'ಬಂದಳು', 'ಬಂದರು' ಎಂದಿದ್ದರೆ ಲಿಂಗ, ವಚನ ಹೊಂದದೆ ಇನ್ನೂ ಬೇಗ ಮುರಿಯುತ್ತಿತ್ತು. ತಮ್ಮ ಕೈಯಿಂದ ಇಷ್ಟು ಮಾಡಿದ ಮೇಲೆ ಯಾರೂ ಬರೋಸ್ ಪುಟ ನೋಡಿ 'ತಲೆಬುಡ ಇಲ್ಲ' ಅನ್ನುವುದಿಲ್ಲ, 'ಈ ಕಡೆ ಕತ್ತರಿ ಸರಿಯಾಗಿ ಬಿದ್ದಿಲ್ಲ' ಅನ್ನುತ್ತಾರೆ. ಅದು ವಿಮರ್ಶೆ.

ಕಾದಂಬರಿಯಲ್ಲಿ ಕ್ರಮ ಕದಡುವ ಪ್ರಯೋಗಗಳಿಗೆ ಇಷ್ಟು ಕಷ್ಟವಿಲ್ಲ. ಇಂಗ್ಲೆಂಡಿನ ಬಿ. ಎಸ್. ಜಾನ್ಸನ್ 1969ರಲ್ಲಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟ ಕಾದಂಬರಿಯಲ್ಲಿ 27 ಬಿಡಿ ಭಾಗಗಳಿವೆ, ಮೊದಲ ಮತ್ತು ಕೊನೆಯದನ್ನು ಬಿಟ್ಟು 25ನ್ನು ಹೇಗಾದರೂ ಕಲಸಬಹುದು. ಅರ್ಜೆಂಟೀನಾದ ಕೊರ್ತಾಸರ್ ಕುಂಟೆಬಿಲ್ಲೆ ಆಟದ ಹೆಸರಿಟ್ಟ ಕಾದಂಬರಿಯಲ್ಲಿ (1963) 155 ಅಧ್ಯಾಯಗಳು. 1ರಿಂದ 56ರವರೆಗೆ ನೇರ ಓದಿ ಮುಗಿಸಬಹುದು, ಅಥವಾ 73ರಿಂದ ಶುರುಮಾಡಿ ಲೇಖಕ ಕೊಟ್ಟ ಪಟ್ಟಿಯಂತೆ ಜಿಗಿಯಬಹುದು. ಗುಂಪನ್ನು ಎರಡು ಮಾಡಿ, ಒಂದು ಗುಂಪು ನೇರ, ಇನ್ನೊಂದು ಜಿಗಿತ. ಆಮೇಲೆ ಒಬ್ಬರಿಗೊಬ್ಬರು ಕಥೆ ಹೇಳಿಕೊಳ್ಳಲಿ. ಪ್ರಯೋಗ ಬರೀ ಚಮತ್ಕಾರವಾಗಿದ್ದರೆ ಎರಡೂ ಗುಂಪು ಹೇಳುವ ಕಥೆ ಒಂದೇ ಇರುತ್ತದೆ.

'ಹೊಲಸು' ಎಂಬ ಮಾತಿಗೆ ಮರಳಬೇಕು. ಅದರಲ್ಲೂ ಎರಡು ಬಗೆಯ ಸಿಟ್ಟಿದೆ, ಬೆರೆಸಿದರೆ ಅನ್ಯಾಯವಾಗುತ್ತದೆ.

ಒಂದು, ಮರ್ಯಾದೆ ಮೀರಿತು ಎಂಬ ಸಿಟ್ಟು. ಇದು ಕೋರ್ಟಿನವರೆಗೂ ಹೋಗಿದೆ. ಗಿನ್ಸ್‌ಬರ್ಗ್‌ನ 'ಹೌಲ್' 1956ರಲ್ಲಿ ಪುಸ್ತಕವಾಯಿತು. 1957ರ ಮಾರ್ಚಿನಲ್ಲಿ ಅಮೆರಿಕದ ಕಸ್ಟಮ್ಸ್‌ನವರು 520 ಪ್ರತಿ ಹಿಡಿದರು, ಆಮೇಲೆ ಪೊಲೀಸರು ಪ್ರಕಾಶಕ ಫರ್ಲಿಂಗೆಟಿಯ ಮೇಲೆ ಮೊಕದ್ದಮೆ ಹೂಡಿದರು. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಸಾಕ್ಷಿ ಹೇಳಲು ಬಂದ ಪ್ರಾಧ್ಯಾಪಕರಿಗೆ ಒಂದೊಂದೇ ಸಾಲು ಹಿಡಿದು ಅರ್ಥ ಹೇಳಿ ಎಂದು ಕಾಡಿದರು, ನಿಮ್ಮ ಕೂಟದಲ್ಲಿ ನಡೆಯುವ ಹಾಗೆಯೇ. ಅಕ್ಟೋಬರಿನಲ್ಲಿ ನ್ಯಾಯಾಧೀಶ ಕ್ಲೇಟನ್ ಹಾರ್ನ್ ಅದು ಅಶ್ಲೀಲವಲ್ಲ ಎಂದು ತೀರ್ಪು ಕೊಟ್ಟರು. ಕೋಲ್ಕತ್ತದಲ್ಲಿ ಹಂಗ್ರಿ ಪೀಳಿಗೆಯ ಮಲಯ ರಾಯ್‌ಚೌಧುರಿಗೆ ಒಂದು ಪದ್ಯಕ್ಕಾಗಿ 1965ರ ಡಿಸೆಂಬರಿನಲ್ಲಿ 200 ರೂಪಾಯಿ ದಂಡ, ಕಟ್ಟದಿದ್ದರೆ ಒಂದು ತಿಂಗಳ ಜೈಲು ಎಂದಾಯಿತು. 1967ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ಅಲ್ಲಿ ಜೊತೆಯ ಕವಿಗಳಲ್ಲೇ ಸುನೀಲ್ ಗಂಗೋಪಾಧ್ಯಾಯ ಅವರ ಪರ ಸಾಕ್ಷಿ ಹೇಳಿದರೆ ಶಕ್ತಿ ಚಟ್ಟೋಪಾಧ್ಯಾಯ ವಿರುದ್ಧ ಹೇಳಿದರು. ಕವಿಗಳೇ ಇಬ್ಭಾಗವಾದ ಪದ್ಯಕ್ಕೆ ಜಯನಗರದ ಹದಿನೈದು ಜನ ಒಮ್ಮತಕ್ಕೆ ಬರಬೇಕೆಂದು ಬಯಸುವುದು ಅತಿಯಾಯಿತು. ನಮ್ಮಲ್ಲಿ 'ಸಂಸ್ಕಾರ' 1965ರಲ್ಲಿ ಕಾದಂಬರಿಯಾಗಿ ಬಂದಾಗ ಬ್ರಾಹ್ಮಣ ಸಮುದಾಯದಲ್ಲಿ ಸಿಟ್ಟು ಹೊಗೆಯಾಡಿತು, 1970ರ ಸಿನಿಮಾಕ್ಕೆ ಮದ್ರಾಸಿನ ಸೆನ್ಸಾರ್ ಅಡ್ಡ ಬಂತು. ಕೊನೆಗೆ ಅದೇ ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿ.

ಎರಡನೆಯ ಸಿಟ್ಟು ಬೇರೆ. 'ಈ ಬಂಡಾಯದಲ್ಲಿ ಹೆಂಗಸು ಬರೀ ಮೈ ಆಗಿದ್ದಾಳೆ' ಎಂದು ಒಬ್ಬ ಓದುಗಳು ಹೇಳಿದರೆ ಅದನ್ನು ಮಡಿವಂತಿಕೆ ಎಂದು ತಳ್ಳಿಹಾಕಬೇಡಿ. ಅದು ಪಠ್ಯವನ್ನು ಗಮನವಿಟ್ಟು ಓದಿದ್ದಕ್ಕೆ ಬಂದ ಆಕ್ಷೇಪ. ಬೀಟ್ ಗುಂಪಿನ ಗಂಡಸರ ಬರಹದಲ್ಲಿ ಹೆಂಗಸರು ಅಂಚಿಗೆ ಬಿದ್ದದ್ದನ್ನು ಆ ಗುಂಪಿನ ಒಳಗೇ ಇದ್ದ ಜಾಯ್ಸ್ ಜಾನ್ಸನ್ 1983ರ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. 'ಸಂಸ್ಕಾರ'ದ ಚಂದ್ರಿಯ ಬಗ್ಗೆ ನಮ್ಮಲ್ಲೂ ಇದೇ ಪ್ರಶ್ನೆ ಎದ್ದಿದೆ. ಜಾತಿಯ ಕಡೆಯಿಂದ ಬರುವ ಆಕ್ಷೇಪವೂ ಈ ಸಾಲಿನದ್ದೇ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಬೀದಿ ಬೀದಿಯಲ್ಲಿ ಗಲಾಟೆಯಾಗಿ ಅವರು ರಾಜೀನಾಮೆ ಕೊಡಬೇಕಾಯಿತು. ಅದೊಬ್ಬ ಓದುಗನ ಪ್ರತಿಕ್ರಿಯೆ ಎಂದು ಅಂದು ಎಷ್ಟು ಜನ ಕೇಳಿಸಿಕೊಂಡರು? ಎರಡು ವರ್ಷದಲ್ಲಿ ಸಿದ್ಧಲಿಂಗಯ್ಯನವರ 'ಹೊಲೆ ಮಾದಿಗರ ಹಾಡು' ಬಂತು.

ಎರಡು ಸಿಟ್ಟನ್ನು ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ. ಆ ಸಾಲಿನ ಬೈಗುಳವನ್ನೋ ಅಂಗದ ಹೆಸರನ್ನೋ ಸಭ್ಯ ಶಬ್ದಕ್ಕೆ ಬದಲಿಸಿ ಮತ್ತೆ ಓದಿ. ಸಿಟ್ಟು ಇಳಿದರೆ ಅದು ಶಬ್ದದ ಮೇಲಿನ ಸಿಟ್ಟು. ಶಬ್ದ ಬದಲಾದರೂ ಸಿಟ್ಟು ಹಾಗೇ ಇದ್ದರೆ ಅದು ನೋಟದ ಮೇಲಿನ ಸಿಟ್ಟು. ಆಗ ಆ ಓದುಗರಿಗೆ ಹೆಚ್ಚು ಸಮಯ ಕೊಡಿ.

ಕಾನೂನಿನ ಬಗ್ಗೆ ಚಿಕ್ಕದಾಗಿ. ಹಳೆಯ ದಂಡ ಸಂಹಿತೆಯ 292ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294 ಆಗಿದೆ. ಸಾಹಿತ್ಯ, ಕಲೆಯ ಹಿತಕ್ಕೆ ಸಮರ್ಥನೀಯವಾದ ಪ್ರಕಟಣೆಗೆ ಅದರಲ್ಲಿ ವಿನಾಯಿತಿ ಇದೆ. ಆದರೆ ಗಾಂಧಿಯನ್ನು ಪಾತ್ರವಾಗಿಸಿದ ಒಂದು ಮರಾಠಿ ಪದ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಎಲ್ಲರೂ ಗೌರವಿಸುವ ಚಾರಿತ್ರಿಕ ವ್ಯಕ್ತಿಗಳ ಬಾಯಲ್ಲಿ ಅಶ್ಲೀಲ ಮಾತು ಹಾಕಿದರೆ ಅಳತೆಗೋಲು ಇನ್ನೂ ಬಿಗಿಯಾಗುತ್ತದೆ ಎಂದಿದೆ. ಕೋಣೆಯ ಓದನ್ನು ರೆಕಾರ್ಡ್ ಮಾಡಿ ಅಲ್ಲಿ ಇಲ್ಲಿ ಹಾಕುವ ಚಪಲ ಬೇಡ. ತುಂಡು ಮಾಡಿ ಹಂಚಿದ ವಿಡಿಯೊಕ್ಕೆ ನಿಮ್ಮ ಚೀಟಿಗಳು, ನಿಮ್ಮ ಇಪ್ಪತ್ತು ನಿಮಿಷದ ಸಂದರ್ಭ ಯಾವುದೂ ಜೊತೆಗೆ ಹೋಗುವುದಿಲ್ಲ.

ಓದಿನ ಸರದಿ ನನ್ನ ಪ್ರಕಾರ ಹೀಗಿರಲಿ. ಮೊದಲ ತಿಂಗಳು ಅಲ್ಲಮನ ಒಂದು ಬೆಡಗಿನ ವಚನ, ಪಕ್ಕದಲ್ಲಿ ಅಡಿಗರ ಒಂದು ಪದ್ಯ. ಎರಡನೆಯದು ಕತ್ತರಿ ಪ್ರಯೋಗ ಮತ್ತು ಬರೋಸ್‌ನ ಎರಡು ಪುಟ. ಮೂರನೆಯದು ದಿಗಂಬರ ಕವಿಗಳು, ಮೂಲವನ್ನು ತೆಲುಗಿನವರು ಓದಿದ ಮೇಲೆ ಅನುವಾದ. ನಾಲ್ಕು 'ಕುಸುಮಬಾಲೆ'. ಮಂಚ ಮಾತಾಡುವ, ದೀಪದ ಜೋತಮ್ಮಂದಿರು ಸೇರಿ ಊರಿನ ಸುದ್ದಿ ಹೇಳಿಕೊಳ್ಳುವ ಭಾಗ ತೆಗೆದುಕೊಳ್ಳಿ. ಅಜ್ಜಿಯ ಕಥೆ ಕೇಳಿ ಬೆಳೆದವರಿಗೆ ಅಲ್ಲಿ ಪ್ರಯೋಗ ಅನ್ನಿಸುವುದೇ ಇಲ್ಲ, ಇಂಗ್ಲಿಷ್ ಕಾದಂಬರಿ ಓದಿ ಬಂದವರು ಮಾತ್ರ ಹೌಹಾರುತ್ತಾರೆ. ಐದನೆಯ ತಿಂಗಳು ಸಿದ್ಧಲಿಂಗಯ್ಯ ಮತ್ತು ಢಸಾಳ ಅಕ್ಕಪಕ್ಕ, ಜೊತೆಗೆ ಪ್ರತಿಭಾ ನಂದಕುಮಾರರ 'ನಾವು ಹುಡುಗಿಯರೇ ಹೀಗೆ'. ಒಬ್ಬರು ಹಾಡಿಗೆ ಕಟ್ಟುತ್ತಾರೆ, ಒಬ್ಬರು ಹಾಡನ್ನು ಕೊಲ್ಲುತ್ತಾರೆ, ಒಬ್ಬರು ಮಾತಾಡಿದ ಹಾಗೆ ಬರೆಯುತ್ತಾರೆ. ಮೂವರ ಚೀಟಿಗಳನ್ನು ಹೋಲಿಸಿದರೆ ನಿಮ್ಮ ಗುಂಪಿಗೆ ಯಾವುದು ನಿಜಕ್ಕೂ ಚುಚ್ಚುತ್ತದೆ ಎಂದು ತಿಳಿಯುತ್ತದೆ.

'ಹೌಲ್' ಆರನೆಯ ತಿಂಗಳಿಗೆ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ, ಅಲ್ಲೇ ಕೆಡುವುದು. ಅದರ ಹೆಸರು ಎಷ್ಟು ದೊಡ್ಡದೆಂದರೆ ಕವಿಯ ಹೆಸರು ಮುಚ್ಚಿಟ್ಟರೂ ಯಾರಾದರೂ ಗುರುತಿಸಿಬಿಡುತ್ತಾರೆ. ಐದು ತಿಂಗಳ ಅಭ್ಯಾಸವಾದ ಮೇಲೆ ಗುರುತಿಸಿದರೂ ತೊಂದರೆಯಿಲ್ಲ, ಸಾಲಿನ ಸಂಖ್ಯೆ ಕೇಳುವುದು ಅಷ್ಟರಲ್ಲಿ ರೂಢಿಯಾಗಿರುತ್ತದೆ. 60 ಸಾಲಿನ ಮಿತಿಯನ್ನು ಆ ದಿನ ಸಡಿಲಿಸಿ ಮೊದಲ ಭಾಗವನ್ನು ಪೂರ್ತಿ ಓದಿಸಿ. ಗಟ್ಟಿಯಾಗಿ ಓದಲು ಹತ್ತು ನಿಮಿಷಕ್ಕೂ ಮೀರಿ ಹಿಡಿಯುತ್ತದೆ, ಒಬ್ಬರ ಉಸಿರು ಸಾಲದು. ಮೂರು ಜನ ಸರದಿಯಂತೆ ಓದಲಿ, ಸಾಲಿನ ನಡುವೆ ಉಸಿರು ಎಳೆದುಕೊಂಡ ಜಾಗವನ್ನೆಲ್ಲ ಕೇಳುವವರು ಹಾಳೆಯಲ್ಲಿ ಗುರುತು ಹಾಕಲಿ.